ಕೆಡವುವಂತಿಲ್ಲ, ಅಗೆಯುವಂತಿಲ್ಲ: ವಿಲ್ನಿಯಸ್‌ ಸ್ಪೋರ್ಟ್ಸ್ ಪ್ಯಾಲೆಸ್ ಪ್ರಕರಣ

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್. ಅಲ್ಲಿ ನೆರಿಸ್ ನದಿಯ ಬಲದಂಡೆಯಲ್ಲಿ ಒಂದು ದೊಡ್ಡ ಕಾಂಕ್ರೀಟ್ ಕಟ್ಟಡ ಬೀಗ ಜಡಿಸಿಕೊಂಡು ನಿಂತಿದೆ. ಎದುರು ದಡದಲ್ಲಿ ಗೆದಿಮಿನಸ್ ಕೋಟೆಯ ಗುಡ್ಡ, ಅದರ ಹಿಂದೆ ಹಳೇ ಪೇಟೆ. ಬಿಲ್ಡರ್‌ಗಳು ಬಾಯಿಬಾಯಿ ಬಿಡುವಂಥ ಜಾಗ. ಆದರೂ 2004ರಿಂದ ಅಲ್ಲಿ ಒಂದು ಆಟವೂ ನಡೆದಿಲ್ಲ. ಕಿಟಕಿ ಗಾಜುಗಳು ಒಡೆದಿವೆ, ಗೋಡೆ ತುಂಬ ಗೀಚು ಬರಹ.

ಇದನ್ನು ಕಟ್ಟಿದ್ದು ಸೋವಿಯತ್ ಕಾಲದಲ್ಲಿ. ಹೆಸರು ಸಂಗೀತ ಕಛೇರಿ ಮತ್ತು ಕ್ರೀಡೆಗಳ ಅರಮನೆ, ಅಂದರೆ ಸಂಗೀತಕ್ಕೂ ಸೈ, ಆಟಕ್ಕೂ ಸೈ. ಊರಿನವರ ಬಾಯಲ್ಲಿ ಬರೀ ಸ್ಪೋರ್ಟ್ಸ್ ಪ್ಯಾಲೆಸ್. ಪಾಳುಬಿದ್ದ ಸೋವಿಯತ್ ಕಟ್ಟಡಗಳಿಗೆ ಪೂರ್ವ ಯುರೋಪಿನಲ್ಲೇನೂ ಬರವಿಲ್ಲ. ದುಡ್ಡಿಲ್ಲ, ಆಸಕ್ತಿ ಇಲ್ಲ ಅನ್ನುವುದೇ ಹೆಚ್ಚಿನವುಗಳ ಕಥೆ. ಇಲ್ಲಿ ಹಾಗಲ್ಲ. ಆಸಕ್ತಿ ಇರುವವರು ಜಾಸ್ತಿ ಆಗಿದ್ದೇ ತೊಂದರೆ.

ಮೊದಲು ನೆಲದ ವಿಷಯ

ಕಟ್ಟಡಕ್ಕಿಂತ ಮೊದಲು ಅದರ ಕೆಳಗಿನ ನೆಲದ ಬಗ್ಗೆ ಹೇಳಬೇಕು. ಇದು ಶ್ನಿಪಿಶ್ಕೆಸ್ ಬಡಾವಣೆ. ಇಲ್ಲಿ ಯಹೂದಿಗಳ ಹಳೆಯ ಸ್ಮಶಾನವಿತ್ತು, ಅದನ್ನು ಪಿರಾಮೊಂಟ್ ಎನ್ನುತ್ತಿದ್ದರು. 15ನೇ ಶತಮಾನದಲ್ಲೇ ಶುರುವಾಯಿತು ಎಂಬುದು ಯಹೂದಿಗಳ ನಂಬಿಕೆ. 16ನೇ ಶತಮಾನದ ಕೊನೆಯಿಂದ ಅದಕ್ಕೆ ದಾಖಲೆಗಳೂ ಇವೆ. 1830ರ ಹೊತ್ತಿಗೆ ಜಾಗ ತುಂಬಿತ್ತು. ರಷ್ಯಾದ ಚಕ್ರವರ್ತಿಯ ಆಡಳಿತ ಅದನ್ನು ಮುಚ್ಚಿ, ಪಕ್ಕದಲ್ಲೇ ಕೋಟೆ ಕಟ್ಟಲು ಸ್ವಲ್ಪ ಜಾಗವನ್ನು ಕಿತ್ತುಕೊಂಡಿತು. ಹೊಸ ಹೆಣಗಳು ಬೇರೆ ಸ್ಮಶಾನಕ್ಕೆ ಹೋಗತೊಡಗಿದವು. ಹಳೆಯವರು ಇಲ್ಲೇ ಉಳಿದರು.

ಆ ಹಳೆಯವರಲ್ಲಿ ಒಬ್ಬರು ಎಲಿಯಾಹು ಬೆನ್ ಶ್ಲೊಮೊ ಜಲ್ಮನ್. ಜಗತ್ತಿನ ಯಹೂದಿಗಳಿಗೆಲ್ಲ ಅವರು 'ವಿಲ್ನಾದ ಗಾಓನ್', ಅಂದರೆ ವಿಲ್ನಿಯಸ್‌ನ ಮಹಾಮೇಧಾವಿ. 1720ರಲ್ಲಿ ಹುಟ್ಟಿ 1797ರಲ್ಲಿ ತೀರಿಕೊಂಡ ಮಹಾ ಪಂಡಿತ. ವಿಲ್ನಿಯಸ್‌ಗೆ 'ಲಿಥುವೇನಿಯಾದ ಜೆರುಸಲೇಮ್' ಎಂಬ ಹೆಸರು ಬರಲು ಇಂಥವರೇ ಕಾರಣ. ಎರಡನೇ ಮಹಾಯುದ್ಧಕ್ಕೆ ಮೊದಲು ಈ ಊರಿನಲ್ಲಿ ಸುಮಾರು 60,000 ಯಹೂದಿಗಳಿದ್ದರು.

1941ರಲ್ಲಿ ನಾಜಿಗಳು ಬಂದರು. ಊರಾಚೆಯ ಪೊನಾರಿ ಕಾಡಿನಲ್ಲಿ ಹೊಂಡಗಳ ಅಂಚಿಗೆ ನಿಲ್ಲಿಸಿ ಗುಂಡು ಹೊಡೆದರು. ಅಲ್ಲಿ ಸತ್ತವರು ಸುಮಾರು ಒಂದು ಲಕ್ಷ, ಅದರಲ್ಲಿ ಎಪ್ಪತ್ತು ಸಾವಿರದಷ್ಟು ಜನ ಯಹೂದಿಗಳು. ಗುಂಡು ಹೊಡೆದವರಲ್ಲಿ ಸ್ಥಳೀಯ ಲಿಥುವೇನಿಯನ್ನರೂ ಇದ್ದರು. ಇವತ್ತಿಗೂ ಆ ದೇಶ ಸಲೀಸಾಗಿ ಮಾತಾಡಲಾಗದ ಸಂಗತಿ ಇದು.

ಯುದ್ಧ ಮುಗಿದಾಗ ಸ್ಮಶಾನ ಇತ್ತು, ಅದನ್ನು ನೋಡಿಕೊಳ್ಳುವವರೇ ಇರಲಿಲ್ಲ. ಈ ಪ್ರಕರಣದಲ್ಲಿ ಮುಂದೆ ನಡೆದದ್ದೆಲ್ಲ ಇದರಿಂದಲೇ ಆಯಿತು ಅಂತ ನನಗನಿಸುತ್ತದೆ. ವಾರಸುದಾರರು ಊರಲ್ಲಿದ್ದಿದ್ದರೆ ಒಂದು ಸ್ಮಶಾನವನ್ನು ಅಷ್ಟು ಸುಲಭಕ್ಕೆ ಸೈಟು ಮಾಡಲು ಆಗುತ್ತಿತ್ತಾ? 1940ರ ದಶಕದ ಕೊನೆಗೆ ಸೋವಿಯತ್ ಆಡಳಿತ ಸಮಾಧಿ ಕಲ್ಲುಗಳನ್ನು ಕಿತ್ತಿತು. ಗಾಓನ್ ಮತ್ತು ಇನ್ನು ಕೆಲವೇ ಮಂದಿಯ ಅವಶೇಷಗಳನ್ನು ತೆಗೆದು ಬೇರೆಡೆ ಹೂಳಲು ಅವಕಾಶ ಸಿಕ್ಕಿತು. ಉಳಿದವರು ನೆಲದಡಿಯಲ್ಲೇ ಉಳಿದರು. ವಿಲ್ನಿಯಸ್‌ನ ಯಹೂದಿ ಸಮಾಧಿ ಕಲ್ಲುಗಳು ಆಮೇಲೆ ಊರಿನ ಮೆಟ್ಟಿಲುಗಳಿಗೂ ಗೋಡೆಗಳಿಗೂ ಕಟ್ಟಡದ ಕಲ್ಲಾದವು. ಹೀಬ್ರೂ ಅಕ್ಷರಗಳಿರುವ ಚೂರುಗಳು ಈಚಿನ ವರ್ಷಗಳಲ್ಲೂ ಸಿಗುತ್ತಲೇ ಇವೆ.

ಸ್ಮಶಾನದ ಪಕ್ಕದಲ್ಲಿ 1950ರಲ್ಲಿ ಜಾಲ್ಗಿರಿಸ್ ಫುಟ್‌ಬಾಲ್ ಸ್ಟೇಡಿಯಂ ಎದ್ದಿತು. ಕಟ್ಟಿದವರಲ್ಲಿ ಜರ್ಮನ್ ಯುದ್ಧಕೈದಿಗಳೂ ಇದ್ದರು. ಅಲ್ಲಿಗೆ ಈ ಪ್ರದೇಶವೆಲ್ಲ ಆಟಕ್ಕೆ ಎಂದು ನಿಶ್ಚಯವಾದ ಹಾಗಾಯಿತು.

ಕಟ್ಟಡ

ಮಾಸ್ಕೋದ ಲುಜ್ನಿಕಿಯಲ್ಲಿ 1956ರಲ್ಲಿ ಸ್ಪೋರ್ಟ್ಸ್ ಪ್ಯಾಲೆಸ್ ಶುರುವಾದ ಮೇಲೆ ಸೋವಿಯತ್ ಒಕ್ಕೂಟದ ದೊಡ್ಡ ಊರುಗಳಿಗೆಲ್ಲ ಅಂಥದ್ದೊಂದು ಬೇಕೆನಿಸಿತು. 1960ರಲ್ಲಿ ಕೀವ್, 1966ರಲ್ಲಿ ಮಿನ್ಸ್ಕ್. ಚಳಿಗಾಲ ಉದ್ದ, ಹೊರಗೆ ಆಡಲಾಗದು. ಸಾವಿರಾರು ಜನ ಕೂರುವ ಸೂರು ಒಂದಿದ್ದರೆ ಇವತ್ತು ಬಾಸ್ಕೆಟ್‌ಬಾಲ್, ನಾಳೆ ಬಾಕ್ಸಿಂಗ್, ನಾಡಿದ್ದು ಪಕ್ಷದ ಸಮಾವೇಶ, ವಾರದ ಕೊನೆಗೆ ಪಾಪ್ ಗಾಯಕರ ಕಾರ್ಯಕ್ರಮ. ಒಂದೇ ಖರ್ಚಿನಲ್ಲಿ ಎಲ್ಲ ಆಯಿತು. ಇದರಲ್ಲಿ ಇನ್ನೊಂದು ಲೆಕ್ಕವೂ ಇತ್ತು: ದೂರದ ಗಣರಾಜ್ಯಗಳ ರಾಜಧಾನಿಗಳಲ್ಲೂ ಸೋವಿಯತ್ ವ್ಯವಸ್ಥೆ ಕಣ್ಣಿಗೆ ಕಾಣಬೇಕು.

ವಿಲ್ನಿಯಸ್‌ನಲ್ಲಿ ಕೆಲಸ 1965ರಲ್ಲಿ ಶುರುವಾಗಿ 1971ರಲ್ಲಿ ಮುಗಿಯಿತು. ವಾಸ್ತುಶಿಲ್ಪಿಗಳು ಎಡುವಾರ್ದಸ್ ಖ್ಲೊಮೌಸ್ಕಸ್, ಯೊನಸ್ ಕ್ರಿಯುಕೆಲಿಸ್ ಮತ್ತು ಜಿಗ್ಮಸ್ ಲಿಯಾಂದ್ಸ್‌ಬೆರ್ಗಿಸ್. ಮೂವರೂ ಲಿಥುವೇನಿಯಾದವರೇ. 'ಸೋವಿಯತ್ ಕಟ್ಟಡ' ಅಂದಕೂಡಲೇ ಮಾಸ್ಕೋದಿಂದ ನಕ್ಷೆ ಬಂತು ಎಂದು ಅಂದುಕೊಳ್ಳುವವರು ಬಹಳ. ಇದನ್ನು ಗೀಚಿದ್ದು ಊರಿನ ಕೈಗಳೇ.

ನೋಡಲು ಹೇಗಿದೆ? ಮೂತಿ ಎತ್ತಿ ನಿಂತ ಹಡಗಿನ ಹಾಗೆ. ಚಾವಣಿ ನಡುವೆ ತಗ್ಗಿ ಅಂಚುಗಳತ್ತ ಮೇಲೇಳುತ್ತದೆ. ಇದು ಶೋಕಿಗೆ ಮಾಡಿದ್ದಲ್ಲ. ಪ್ರೇಕ್ಷಕರ ಮೆಟ್ಟಿಲು ಸಾಲುಗಳು ಹಿಂದಕ್ಕೆ ಹೋದಹಾಗೆ ಎತ್ತರವಾಗುತ್ತವೆ, ಅಲ್ವಾ? ಅಲ್ಲಿ ಚಾವಣಿಯೂ ಎತ್ತರ ಬೇಕು. ನಡುವಿನ ಅಂಕಣದ ಮೇಲೆ ಅಷ್ಟು ಎತ್ತರ ಬೇಡ. ಚಾವಣಿ ಜೋತುಬಿದ್ದಂತೆ ಇದ್ದರೆ ಒಳಗಿನ ಗಾಳಿಯ ಗಾತ್ರ ಕಮ್ಮಿ, ಚಳಿಗಾಲದಲ್ಲಿ ಬಿಸಿ ಮಾಡುವ ಖರ್ಚೂ ಕಮ್ಮಿ. ಕೂತವರ ಕಣ್ಣಿಗೆ ಅಡ್ಡ ಬರುವ ಕಂಬಗಳೂ ಬೇಡ. ಆಸನಗಳ ಸಾಲಿನ ಓರೆ ಹೊರಗಿನಿಂದಲೂ ಕಾಣುತ್ತದೆ. ಒಳಗೆ ಏನಿದೆಯೋ ಹೊರಗೂ ಅದೇ ಆಕಾರ. ಸುಣ್ಣ ಬಣ್ಣ ಇಲ್ಲ, ಕಾಂಕ್ರೀಟ್ ಕಾಂಕ್ರೀಟಾಗಿಯೇ ಇದೆ. ಬ್ರೂಟಲಿಸಂ ಎಂಬ ಶೈಲಿಯ ಒಳ್ಳೆಯ ಮಾದರಿಗಳಲ್ಲಿ ಒಂದು ಎಂದು ಇದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನನಗೆ ಈ ಶೈಲಿಯ ಕಟ್ಟಡಗಳೆಲ್ಲ ಇಷ್ಟವಿಲ್ಲ. ಇದು ಮಾತ್ರ ಚೆನ್ನಾಗಿದೆ ಅಂತ ಒಪ್ಪಲೇಬೇಕು.

ಸುಮಾರು ಐದು ಸಾವಿರ ಜನ ಹಿಡಿಸುತ್ತಿತ್ತು. ಊರಿನ ಬಾಸ್ಕೆಟ್‌ಬಾಲ್ ತಂಡ ಸ್ತಾತಿಬಾ ಇಲ್ಲಿ ಆಡುತ್ತಿತ್ತು. ಲಿಥುವೇನಿಯಾದಲ್ಲಿ ಬಾಸ್ಕೆಟ್‌ಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ ಎಂದರೆ ಸಾಕು. ಆ ತಂಡದಿಂದ ಬಂದ ಶರೂನಸ್ ಮಾರ್ಚುಲಿಯೊನಿಸ್ 1988ರಲ್ಲಿ ಸೋವಿಯತ್ ತಂಡಕ್ಕೆ ಒಲಿಂಪಿಕ್ ಚಿನ್ನ ಗೆಲ್ಲಿಸಿದವರಲ್ಲಿ ಒಬ್ಬ. ಮರುವರ್ಷ ಅಮೆರಿಕದ ಎನ್‌ಬಿಎಗೆ ಹೋದ. 1992ರಲ್ಲಿ ಸ್ವತಂತ್ರ ಲಿಥುವೇನಿಯಾಕ್ಕಾಗಿ ಆಡಿ ಕಂಚು ತಂದ.

ಎರಡು ಅಕ್ಟೋಬರ್ ದಿನಗಳು

ಇಷ್ಟೇ ಆಗಿದ್ದರೆ ಇದೊಂದು ಹಳೇ ಸ್ಟೇಡಿಯಂ. 1988ರ ಅಕ್ಟೋಬರ್ 22 ಮತ್ತು 23 ಇದನ್ನು ಬೇರೆಯೇ ಮಾಡಿಬಿಟ್ಟವು.

ಗೋರ್ಬಚೆವ್ ಸುಧಾರಣೆಯ ಗಾಳಿ ಬೀಸುತ್ತಿದ್ದ ಕಾಲ. ಜೂನ್‌ನಲ್ಲಿ ಕೆಲವು ಬುದ್ಧಿಜೀವಿಗಳು ಸೇರಿ ಸಾಯೂದಿಸ್ ಎಂಬ ಚಳವಳಿ ಶುರುಮಾಡಿದ್ದರು. ನಾಲ್ಕೇ ತಿಂಗಳಲ್ಲಿ ಅದು ದೇಶದ ತುಂಬ ಹಬ್ಬಿತು. ಅಕ್ಟೋಬರ್ 7ಕ್ಕೆ ಗೆದಿಮಿನಸ್ ಗೋಪುರದ ಮೇಲೆ ಹಳದಿ, ಹಸಿರು, ಕೆಂಪಿನ ಹಳೆಯ ರಾಷ್ಟ್ರಧ್ವಜ ಹಾರಿತು. ಎರಡು ವಾರ ಕಳೆದು ಚಳವಳಿಯ ಸ್ಥಾಪನಾ ಸಮ್ಮೇಳನ. ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು, ಜತೆಗೆ ಅತಿಥಿಗಳು, ಪತ್ರಕರ್ತರು. ಇಷ್ಟು ಜನ ಕೂರುವ ಜಾಗ ಊರಿನಲ್ಲಿ ಎಲ್ಲಿದೆ? ಸೋವಿಯತ್ ಸರ್ಕಾರ ಕಟ್ಟಿಸಿದ ಸ್ಪೋರ್ಟ್ಸ್ ಪ್ಯಾಲೆಸ್ಸೇ ಗತಿ!

ಬಾಸ್ಕೆಟ್‌ಬಾಲ್ ನೋಡಲು ಕೂರುತ್ತಿದ್ದ ಆಸನಗಳಲ್ಲಿ ಪ್ರತಿನಿಧಿಗಳು ಕೂತರು. ಟೀವಿಯಲ್ಲಿ ನೇರ ಪ್ರಸಾರ. ಅಲ್ಲಿವರೆಗೆ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದ ಮಾತುಗಳು ಮೈಕಿನಲ್ಲಿ ಬಂದವು: ಸೈಬೀರಿಯಾಕ್ಕೆ ಸಾಗಿಸಿದ ಕುಟುಂಬಗಳು, 1940ರಲ್ಲಿ ಸೋವಿಯತ್ ಒಕ್ಕೂಟ ದೇಶವನ್ನು ನುಂಗಿದ ಬಗೆ, ಮೂಲೆಗೆ ಬಿದ್ದ ಭಾಷೆ, ಇಗ್ನಾಲಿನಾದ ಅಣುಸ್ಥಾವರ.

ಮೊದಲ ದಿನದ ಸಂಜೆ ಕಮ್ಯುನಿಸ್ಟ್ ಪಕ್ಷದ ಹೊಸ ಮುಖ್ಯಸ್ಥ ಅಲ್ಗಿರ್ದಸ್ ಬ್ರಜೌಸ್ಕಸ್ ಒಂದು ಸುದ್ದಿ ಕೊಟ್ಟರು. ವಿಲ್ನಿಯಸ್ ಕೆಥೆಡ್ರಲ್ ಅನ್ನು ಕ್ಯಾಥೊಲಿಕರಿಗೆ ವಾಪಸ್ ಕೊಡುತ್ತೇವೆ ಎಂದು. ಯುದ್ಧದ ನಂತರ ಅದನ್ನು ಮುಚ್ಚಿ, ಆಮೇಲೆ ಚಿತ್ರಶಾಲೆ ಮಾಡಿದ್ದರು. ಅರ್ಧ ಜನ್ಮ ಕಾದಿದ್ದವರು ಆ ಸಭಾಂಗಣದಲ್ಲಿ ಎಷ್ಟು ಮಂದಿಯಿದ್ದರೋ. ಮಾರನೆಯ ದಿನ ಬೆಳಗಿನ ಜಾವ ಕೆಥೆಡ್ರಲ್ ಎದುರಿನ ಚೌಕದಲ್ಲಿ ಕಾರ್ಡಿನಲ್ ವಿನ್ಸೆಂತಸ್ ಸ್ಲಾದ್ಕೆವಿಚುಸ್ ಬಯಲಲ್ಲೇ ಪೂಜೆ ಸಲ್ಲಿಸಿದರು. ಚೌಕ ಕಿಕ್ಕಿರಿದಿತ್ತು. ಅಲ್ಲಿಂದ ಸಮ್ಮೇಳನಕ್ಕೆ ಹೋಗಲು ಹೊಳೆ ದಾಟಿದರೆ ಸಾಕು.

ಮುಂದಿನದು ಗೊತ್ತಿರುವ ಚರಿತ್ರೆ. ಸಂಗೀತಶಾಸ್ತ್ರದ ಮೇಷ್ಟ್ರು ವಿತೌತಸ್ ಲಾಂಡ್ಸ್‌ಬರ್ಗಿಸ್ ಚಳವಳಿಯ ನಾಯಕರಾದರು. 1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು. 1991ರ ಜನವರಿ 13ರ ರಾತ್ರಿ ಸೋವಿಯತ್ ಸೈನ್ಯ ಟೀವಿ ಗೋಪುರಕ್ಕೆ ನುಗ್ಗಿತು. ಬರಿಗೈಯಲ್ಲಿ ಕಾವಲು ನಿಂತ ಜನರ ಮೇಲೆ ಟ್ಯಾಂಕುಗಳು ಹರಿದವು, ಗುಂಡುಗಳು ಹಾರಿದವು. 14 ಜನ ಪ್ರಾಣ ಬಿಟ್ಟರು.

ಅವರ ಶವಪೆಟ್ಟಿಗೆಗಳನ್ನು ಅಂತಿಮ ದರ್ಶನಕ್ಕೆ ಇಟ್ಟದ್ದು ಎಲ್ಲಿ? ಇದೇ ಸ್ಪೋರ್ಟ್ಸ್ ಪ್ಯಾಲೆಸ್‌ನಲ್ಲಿ. ಜನವರಿಯ ಚಳಿಯಲ್ಲಿ ಜನ ಸಾಲುಗಟ್ಟಿ ಬಂದರು. 16ರಂದು ಮೆರವಣಿಗೆ ಹೊರಟಿತು, ಹೆಚ್ಚಿನವರನ್ನು ಅಂತಾಕಲ್ನಿಸ್ ಸ್ಮಶಾನದಲ್ಲಿ ಹೂಳಿದರು. ಆ ಮೂರು ದಿನ ಲಿಥುವೇನಿಯಾದ ಹುತಾತ್ಮರು ಮೇಲೆ ಮಲಗಿದ್ದರು, ಹೆಸರು ಅಳಿಸಿಹೋದ ಯಹೂದಿಗಳು ಅದೇ ನೆಲದ ಕೆಳಗೆ. ಆಗ ಆ ವಿಷಯ ಎಷ್ಟು ಜನರ ತಲೆಗೆ ಬಂದಿದ್ದೀತು? ತುಂಬ ಕಮ್ಮಿ ಅಂತಲೇ ನನ್ನ ಊಹೆ.

ಬೀಗ ಬಿದ್ದದ್ದು

ಸ್ವಾತಂತ್ರ್ಯದ ನಂತರದ ವರ್ಷಗಳು ಸಾಧಾರಣ. ಕಟ್ಟಡಕ್ಕೆ ವಯಸ್ಸಾಗುತ್ತಿತ್ತು, ದುರಸ್ತಿಗೆ ದುಡ್ಡು ಬರಲಿಲ್ಲ. 2004ರಲ್ಲಿ ಸುರಕ್ಷಿತವಲ್ಲ ಎಂದು ಮುಚ್ಚಿದರು. ಅದೇ ವರ್ಷ ಊರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಹೊಸ ಸೀಮೆನ್ಸ್ ಅರೀನಾ ತೆರೆಯಿತು. ಹೊಸದು ಬಂದಮೇಲೆ ಹಳೆಯದರ ಚಿಂತೆ ಯಾರಿಗೆ?

2006ರಲ್ಲಿ ಸರ್ಕಾರ ಈ ಕಟ್ಟಡವನ್ನು ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ವಾಸ್ತುಶಿಲ್ಪ ಒಂದು ಕಾರಣ, ಸಾಯೂದಿಸ್ ನೆನಪು ಇನ್ನೊಂದು. ಅಂದರೆ ಕೆಡವುವಂತಿಲ್ಲ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಪಕ್ಕದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಏಳತೊಡಗಿದವು. ಸ್ಮಶಾನದ ಮೇಲೆ ಮನೆ ಕಟ್ಟುತ್ತಿದ್ದೀರಿ ಎಂದು ಅಮೆರಿಕ, ಇಸ್ರೇಲ್, ಬ್ರಿಟನ್‌ನ ಯಹೂದಿ ಸಂಘಟನೆಗಳು ಎದ್ದು ನಿಂತವು. ಸ್ಮಶಾನದ ಗಡಿ ಎಲ್ಲಿಗೆ ಮುಗಿಯುತ್ತದೆ ಎಂಬ ಜಗಳ ವರ್ಷಗಟ್ಟಲೆ ಎಳೆಯಿತು. ಮನೆಗಳಂತೂ ಎದ್ದವು, ಜನ ವಾಸಕ್ಕೂ ಬಂದರು. 2009ರಲ್ಲಿ ಸರ್ಕಾರ ಮತ್ತು ಯುರೋಪಿನ ಯಹೂದಿ ಸ್ಮಶಾನಗಳ ರಕ್ಷಣೆಗೆಂದು ಲಂಡನ್‌ನಲ್ಲಿರುವ ಸಮಿತಿ ಕೂತು ಗಡಿ ಗುರುತಿಸಿದವು. ಅದರೊಳಗೆ ನೆಲ ಅಗೆಯಬಾರದು ಎಂದಾಯಿತು. ಸ್ಪೋರ್ಟ್ಸ್ ಪ್ಯಾಲೆಸ್ ಆ ಗಡಿಯ ಒಳಗಿದೆ.

ಯಹೂದಿಗಳ ದೃಷ್ಟಿಯಲ್ಲಿ ಸಮಾಧಿ ಸತ್ತವರ ಸ್ವತ್ತು. ಇಷ್ಟು ವರ್ಷ ಎಂಬ ಅವಧಿ ಇಲ್ಲ, ಎಂದೆಂದಿಗೂ ಅವರದೇ. ಕಲ್ಲು ಕಿತ್ತರೂ ಜಾಗ ಸ್ಮಶಾನವೇ. ಪುರೋಹಿತ ವಂಶದವರು ಅಂಥ ನೆಲದ ಮೇಲೆ ಕಾಲಿಡುವಂತೆಯೂ ಇಲ್ಲ. ಆದ್ದರಿಂದ 'ಸ್ಮಶಾನ ಯಾವಾಗಲೋ ಹೋಯ್ತಲ್ಲ' ಎಂಬ ಮಾತು ಅವರಿಗೆ ಅರ್ಥವೇ ಆಗುವುದಿಲ್ಲ.

ಸಮ್ಮೇಳನ ಕೇಂದ್ರದ ಯೋಜನೆ

ಕಟ್ಟಡ ಖಾಸಗಿಯವರ ಕೈಗೂ ಹೋಗಿತ್ತು. ಆ ಖಾಸಗಿಯವರ ಜತೆ ನಂಟಿದ್ದ ಊಕಿಯೊ ಬ್ಯಾಂಕ್ 2013ರಲ್ಲಿ ಮುಳುಗಿದ ಮೇಲೆ ಸರ್ಕಾರವೇ ಅದನ್ನು ಕೊಂಡಿತು. ಏನು ಮಾಡುವುದು? ಅಂತರರಾಷ್ಟ್ರೀಯ ಸಮ್ಮೇಳನ ಕೇಂದ್ರ ಮಾಡೋಣ ಎಂದರು. ಮೇಲ್ನೋಟಕ್ಕೆ ಜಾಣ ಉಪಾಯ. ಕಟ್ಟಡ ಉಳಿಯುತ್ತದೆ, ಪೇಟೆ ನಡುವೆ ದೊಡ್ಡ ಸಭಾಂಗಣ ಸಿಗುತ್ತದೆ, ಬಂದವರು ಹೋಟೆಲಿನಲ್ಲಿ ದುಡ್ಡು ಖರ್ಚು ಮಾಡುತ್ತಾರೆ.

ಇಲ್ಲಿ ಯಹೂದಿಗಳಲ್ಲೇ ಎರಡು ಪಾಳಯವಾಯಿತು. ಹೊರಗಿನಿಂದ ನೋಡುವವರು ಸಾಮಾನ್ಯವಾಗಿ ಇದನ್ನು ಗಮನಿಸುವುದಿಲ್ಲ. ಲಿಥುವೇನಿಯಾದ ಯಹೂದಿ ಸಮುದಾಯದ ಮುಖಂಡರು ಮತ್ತು ಲಂಡನ್ ಸಮಿತಿ ಷರತ್ತಿನ ಮೇಲೆ ಒಪ್ಪಿದ್ದರು: ಕಟ್ಟಡದ ಒಳಗೆ ಮಾತ್ರ ಕೆಲಸ ಮಾಡಿ, ಹೊರಗೆ ಅಗೆಯಬೇಡಿ, ನಮ್ಮವರು ನಿಂತು ನೋಡುತ್ತಾರೆ. ಅಮೆರಿಕ, ಇಸ್ರೇಲ್‌ನ ಹಲವು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಒಪ್ಪಲಿಲ್ಲ. ಅಗೆಯದಿದ್ದರೂ, ಸಮಾಧಿಗಳ ಮೇಲೆ ಜನ ಕುಡಿದು ಕುಣಿಯುವುದು ಬೇಡ ಎಂದರು. ವಿರೋಧದ ಅರ್ಜಿಗೆ ಹತ್ತಾರು ಸಾವಿರ ಸಹಿ ಬಿದ್ದವು. 2017ರಲ್ಲಿ ಅಮೆರಿಕದ 12 ಸಂಸದರು ಲಿಥುವೇನಿಯಾದ ಅಧ್ಯಕ್ಷರಿಗೆ ಪತ್ರ ಬರೆದರು.

2020 ಬಂತು. ಗಾಓನ್ ಹುಟ್ಟಿ 300 ವರ್ಷ. ಲಿಥುವೇನಿಯಾ ಸಂಸತ್ತು ಆ ವರ್ಷವನ್ನು ಗಾಓನ್ ಮತ್ತು ಯಹೂದಿ ಚರಿತ್ರೆಯ ವರ್ಷವೆಂದು ಸಾರಿತು. ಒಂದು ಕೈಯಲ್ಲಿ ಗಾಓನ್ ಹೆಸರಿನ ಉತ್ಸವ, ಇನ್ನೊಂದು ಕೈಯಲ್ಲಿ ಅವರನ್ನು ಮೊದಲು ಹೂಳಿದ್ದ ಸ್ಮಶಾನದ ಮೇಲೆ ಸಮ್ಮೇಳನ ಕೇಂದ್ರದ ನಕ್ಷೆ. ಇದನ್ನು ಎತ್ತಿ ತೋರಿಸಲು ವಿರೋಧಿಗಳು ಕಷ್ಟಪಡಬೇಕಾಗಲಿಲ್ಲ.

2021ರ ಆಗಸ್ಟ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಕೋವಿಡ್‌ನಿಂದ ಸಮ್ಮೇಳನಗಳ ವ್ಯವಹಾರವೇ ಬದಲಾಗಿದೆ, ಲೆಕ್ಕ ಕೂಡುವುದಿಲ್ಲ ಎಂಬುದು ಕೊಟ್ಟ ಕಾರಣ. ಎಷ್ಟೋ ವರ್ಷದ ನೈತಿಕ ವಾದದಿಂದ ಆಗದ್ದು ಆದಾಯ ವೆಚ್ಚದ ಹಾಳೆಯಿಂದ ಆಯಿತು. ಆಮೇಲೆ ಯಹೂದಿ ಸಂಘಟನೆಗಳನ್ನೂ ಸೇರಿಸಿ ಒಂದು ಕಾರ್ಯತಂಡ ಮಾಡಿದರು. ವಿಲ್ನಿಯಸ್ ಯಹೂದಿಗಳ ಚರಿತ್ರೆಗೂ ಸ್ಮಶಾನಕ್ಕೂ ಅಲ್ಲೊಂದು ಸ್ಮಾರಕ ಆಗಬೇಕು ಎಂಬ ದಿಕ್ಕಿನಲ್ಲಿ ಮಾತು ತಿರುಗಿತು.

ಹಾಗಾದರೆ ಏನು ಮಾಡಬಹುದು?

'ಕೆಡವಿಬಿಡಿ, ಸ್ಮಶಾನ ವಾಪಸ್ ಕೊಡಿ' ಅನ್ನುವವರಿದ್ದಾರೆ. ಕೇಳಲು ನ್ಯಾಯವಾಗಿದೆ. ಆದರೆ ಕೆಡವುವುದು ಅಂದರೇನು? ಸಾವಿರಾರು ಟನ್ ಕಾಂಕ್ರೀಟು ಒಡೆಯಬೇಕು, ಭಾರಿ ಯಂತ್ರಗಳು ಸಮಾಧಿಗಳ ಮೇಲೆ ಓಡಾಡಬೇಕು. ತಳಪಾಯ ಕಿತ್ತರೆ ಅದರ ಸುತ್ತಲಿನ ಮಣ್ಣೂ ಮೂಳೆಯೂ ಜತೆಗೇ ಬರುತ್ತವೆ. ತಳಪಾಯ ಬಿಟ್ಟು ಮೇಲಿನದನ್ನಷ್ಟೇ ತೆಗೆದರೂ ಬೀಳುವ ಭಾರ ಬೀಳುವುದು ಅದೇ ನೆಲಕ್ಕೆ. ಇಂಥ ಕಟ್ಟಡ ಒಡೆಯುವುದು ಎಷ್ಟು ಅಪಾಯ ಎಂಬುದಕ್ಕೆ ಸೇಂಟ್ ಪೀಟರ್ಸ್‌ಬರ್ಗ್ ಸಾಕ್ಷಿ. ಅಲ್ಲಿ 1980ರಲ್ಲಿ ಕಟ್ಟಿದ್ದ ದೊಡ್ಡ ಒಳಾಂಗಣ ಕ್ರೀಡಾಂಗಣವನ್ನು 2020ರ ಜನವರಿ 31ರಂದು ಕಳಚುತ್ತಿದ್ದಾಗ ಚಾವಣಿ ಒಮ್ಮೆಲೇ ಕುಸಿದು ಒಬ್ಬ ಕೆಲಸಗಾರ ಸತ್ತ.

ಸಮ್ಮೇಳನ ಕೇಂದ್ರವಾಗಲಿ ಹೊಸ ಕ್ರೀಡಾಂಗಣವಾಗಲಿ ಬೇಡ ಅನ್ನಲು ನನಗೆ ಇನ್ನೂ ಒಂದು ಕಾರಣವಿದೆ, ಅದು ಬರೀ ಪೈಪಿನ ವಿಷಯ. ಸಾವಿರಾರು ಜನ ಸೇರುವ ಕಡೆ ನೀರು, ಒಳಚರಂಡಿ, ಬಿಸಿನೀರಿನ ಕೊಳವೆ, ಕೇಬಲ್ಲು ಎಲ್ಲ ಹೊಸದಾಗಿ ದೊಡ್ಡದಾಗಿ ಬೇಕು. ಲಿಥುವೇನಿಯಾದ ಚಳಿಗೆ ನೆಲ ಹೆಪ್ಪುಗಟ್ಟುತ್ತದೆ. ನೀರಿನ ಪೈಪು ಒಡೆಯದೆ ಇರಬೇಕಾದರೆ ಒಂದು ಮೀಟರಿಗೂ ಆಳಕ್ಕೆ ಹೂಳಬೇಕು. ಸಮಾಧಿಗಳು ಇರುವುದೂ ಸುಮಾರು ಆ ಆಳದಲ್ಲೇ. ಒಳಗೆ ಮಾತ್ರ ಕೆಲಸ, ಹೊರಗೆ ಅಗೆಯಲ್ಲ ಎಂದು ಕಾಗದದಲ್ಲಿ ಬರೆದುಕೊಡಬಹುದು. ಕಂಟ್ರಾಕ್ಟರ್ ಬಂದು ಡ್ರೈನೇಜ್ ಕಟ್ಟಿಕೊಂಡಿದೆ ಅಂದ ದಿನ ಏನು ಮಾಡುತ್ತಾರೆ?

ಜನ ಕಮ್ಮಿ, ಖರ್ಚು ಕಮ್ಮಿ, ಪೈಪು ಕಮ್ಮಿ. ಈ ಲೆಕ್ಕದಲ್ಲಿ ನೋಡಿದರೆ ಸ್ಮಾರಕದ ಯೋಚನೆಯೇ ಒಪ್ಪುವಂಥದ್ದು. ಚಾವಣಿ ಸೋರದಂತೆ ಮಾಡಿ, ಪ್ರವೇಶದ ಹಜಾರವೊಂದನ್ನು ಮಾತ್ರ ಬಳಕೆಗೆ ತಂದು, ಅಲ್ಲಿ ಪಿರಾಮೊಂಟ್ ಕಥೆಯನ್ನೂ 1988 ಮತ್ತು 1991ರ ಕಥೆಯನ್ನೂ ಹೇಳಬಹುದು. ಐದು ಸಾವಿರ ಆಸನದ ಸಭಾಂಗಣ ಖಾಲಿಯೇ ಇರಲಿ, ಅಡ್ಡಿಯಿಲ್ಲ. ಹೊರಗಿನ ನೆಲದಲ್ಲಿ ಸ್ಮಶಾನದ ಗಡಿ ಕಾಣುವಂತಿರಬೇಕು. ಈಗ ಅಲ್ಲಿ ನೆನಪಿನ ಕಲ್ಲೊಂದಿದೆ ಅನ್ನುವುದು ಬಿಟ್ಟರೆ ಹುಲ್ಲಿನ ಮೇಲೆ ನಡೆಯುವವರಿಗೆ ಎಲ್ಲಿ ನಡೆಯುತ್ತಿದ್ದೇವೆ ಎಂದು ತಿಳಿಯುವುದು ಕಷ್ಟ.

ಕಾಯುವುದಕ್ಕೂ ಬೆಲೆ ಇದೆ. ಪಕ್ಕದ ಜಾಲ್ಗಿರಿಸ್ ಸ್ಟೇಡಿಯಂ ಅನ್ನು 2016ರಲ್ಲಿ ಕೆಡವಿದರು, ಆ ಜಾಗ ಬಿಲ್ಡರ್ ಕೈ ಸೇರಿದೆ. ಪ್ಯಾಲೆಸ್ ಮಾತ್ರ ಪ್ರತಿ ಚಳಿಗಾಲ ಹಿಮ ಹೊರುತ್ತದೆ, ವಸಂತದಲ್ಲಿ ಆ ನೀರು ಕಾಂಕ್ರೀಟಿನ ಬಿರುಕಿಗೆ ಇಳಿಯುತ್ತದೆ, ಮತ್ತೆ ಹೆಪ್ಪುಗಟ್ಟಿ ಬಿರುಕನ್ನು ಇನ್ನಷ್ಟು ಬಿಡಿಸುತ್ತದೆ. ಪರಂಪರೆಯ ಪಟ್ಟಿಯಲ್ಲಿ ಹೆಸರಿದ್ದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ಕಟ್ಟಡ ತಾನಾಗಿ ಬೀಳುವ ಸ್ಥಿತಿಗೆ ಬಂದರೆ ಆಗ ತುರ್ತು ಕೆಲಸದ ಹೆಸರಿನಲ್ಲಿ ಯಂತ್ರಗಳು ಬರುತ್ತವೆ, ಅಗೆಯಬಾರದು ಎಂಬ ಒಪ್ಪಂದವನ್ನು ಆ ಹೊತ್ತಿನಲ್ಲಿ ಯಾರೂ ತೆರೆದು ಓದುವುದಿಲ್ಲ. ಅದಕ್ಕೇ ಉಪಯೋಗ ಏನೆಂಬ ಚರ್ಚೆ ಇನ್ನೂ ಹತ್ತು ವರ್ಷ ಬೇಕಾದರೂ ನಡೆಯಲಿ, ಚಾವಣಿಯ ದುರಸ್ತಿ ಮಾತ್ರ ಆ ಚರ್ಚೆಗೆ ಕಾಯಬಾರದು. ಅದಕ್ಕೆ ಒಂದು ಗುದ್ದಲಿಯೂ ಬೇಕಿಲ್ಲ.